ಪುಟಾಣಿ ಹುಡುಕಿಕೊಂಡು ಸವದತ್ತಿಗೆ

ಪ್ರತಿ ಜನವರಿಯಲ್ಲಿ ನಮ್ಮ ಚರ್ಚಿನಿಂದ ಒಂದು ಸೇವಾ ತಂಡ ಹೊರಡುತ್ತದೆ. ಮೈಸೂರಿನಿಂದ ದೂರದ ಯಾವುದಾದರೂ ಊರಿಗೆ ಹೋಗಿ, ಅಲ್ಲಿಯ ಶಾಲೆಗೋ ಹಾಸ್ಟೆಲ್ಲಿಗೋ ಸುಣ್ಣ ಬಣ್ಣ ಬಳಿದು, ಸುತ್ತಲಿನ ಹಳ್ಳಿಗಳಲ್ಲಿ ಆರೋಗ್ಯ ತಪಾಸಣೆ ನಡೆಸಿ, ವಾರದ ಕೊನೆಗೆ ಹಿಂತಿರುಗುವುದು ವಾಡಿಕೆ. ಆ ವರ್ಷ ನಮಗೆ ಸಿಕ್ಕಿದ್ದು ಬೈಲಹೊಂಗಲದ ಪಕ್ಕದ ಒಂದು ಹೆಣ್ಣುಮಕ್ಕಳ ಹಾಸ್ಟೆಲ್. ಪತ್ರಿಕೆಯ ಡೆಸ್ಕಿನಲ್ಲಿ ಕೂತು ಬೇರೆಯವರು ನೋಡಿ ಬಂದದ್ದನ್ನು ತಿದ್ದುವುದು ನನ್ನ ಕೆಲಸ. ವರ್ಷಕ್ಕೊಮ್ಮೆ ಬ್ರಶ್ ಹಿಡಿಯಲು ನಾನೂ ಹೋಗುತ್ತೇನೆ.

ಕೊನೆಯ ದಿನ ಕೆಲಸವಿಲ್ಲ. ವಾರವಿಡೀ ಗೋಡೆ ನೋಡಿದವರು ಒಂದು ದಿನ ಊರು ನೋಡಲಿ ಎಂದು ಹಾಸ್ಟೆಲ್ ವಾರ್ಡನ್ ಒಂದು ಆಟ ಹೂಡಿದ್ದರು. ನಾಲ್ಕು ಊರುಗಳ ಹುಡುಕಾಟದ ಓಟ. ಬೈಲಹೊಂಗಲದಲ್ಲಿ ಶುರು, ಕಿತ್ತೂರು, ಸವದತ್ತಿ ದಾಟಿ ರಾಮದುರ್ಗದ ಚರ್ಚ್ ಆವರಣದಲ್ಲಿ ಮುಕ್ತಾಯ. ಒಂದೊಂದು ಊರಿಗೆ ಒಂದು ಸುಳಿವು. ಅದನ್ನು ಬಿಡಿಸಿ ಹೇಳಿದ್ದನ್ನು ಹುಡುಕಿ ಫೋಟೊ ತೆಗೆದುಕೊಳ್ಳಬೇಕು. ಸರ್ಕಾರಿ ಬಸ್ಸಿನಲ್ಲೇ ಓಡಾಡಬೇಕು. ಫೋನಿನಲ್ಲಿ ಹುಡುಕಿ ತಿಳಿದುಕೊಳ್ಳುವಂತಿಲ್ಲ. ಊರವರನ್ನು ಕೇಳಬಹುದು, ಆದರೆ ತಂಡದಲ್ಲಿ ಬಾಯಿ ಬಿಡುವವರು ಒಬ್ಬರೇ. ಆ ಒಬ್ಬರು ಯಾರು ಎಂಬುದು ಚೀಟಿ ಎತ್ತಿ ತೀರ್ಮಾನ. ಗೆದ್ದವರಿಗೆ ಒಂದು ದೊಡ್ಡ ಡಬ್ಬಿ ಕರದಂಟು.

ನಮ್ಮ ತಂಡದಲ್ಲಿ ಮೂವರು. ನಾನು, ಒಬ್ಬ ನಿವೃತ್ತ ಪಿ.ಟಿ. ಮೇಷ್ಟ್ರು, ಒಬ್ಬ ಯುವ ನರ್ಸ್. ಮೇಷ್ಟ್ರು ಎಪ್ಪತ್ತರ ಹತ್ತಿರವಿದ್ದರು. ಆಟವನ್ನು ಸಂತೋಷಕ್ಕೆ ಆಡಬೇಕು ಎಂಬ ಮಾತನ್ನು ಸೋತವರು ಹೇಳುವುದೆಂದು ನಂಬಿದವರು. ಆ ಬೆಳಿಗ್ಗೆ ಕೊರಳಿಗೆ ಸೀಟಿ ಹಾಕಿಕೊಂಡೇ ತಿಂಡಿಗೆ ಬಂದಿದ್ದರು.

ನರ್ಸ್‌ಗೆ ಆ ದಿನ ಬರೀ ಆಟದ ದಿನವಾಗಿರಲಿಲ್ಲ. ರಾಮದುರ್ಗದ ಸಮೀಪದ ಒಂದು ಹಳ್ಳಿಯಲ್ಲಿ ಚರ್ಚಿನವರ ಪುಟ್ಟ ದವಾಖಾನೆ ಇತ್ತು. ಅಲ್ಲಿದ್ದ ಹಿರಿಯ ಸಿಸ್ಟರ್ ವಯಸ್ಸಾಯಿತೆಂದು ಕೆಲಸ ಬಿಟ್ಟಿದ್ದರು. ಬಾಗಿಲು ಹಾಕಿ ತಿಂಗಳುಗಳಾಗಿದ್ದವು. ಅಲ್ಲಿಗೆ ಬರುತ್ತೀಯಾ ಎಂದು ರಾಮದುರ್ಗದ ಫಾದರ್ ಇವಳನ್ನು ಕೇಳಿದ್ದರು. ಓಟ ಮುಗಿಸಿ ಸೇರುವ ಆ ಸಂಜೆಯೇ ಉತ್ತರ ಹೇಳಬೇಕಿತ್ತು. ಹೂಂ ಅನ್ನುವ ಮನಸ್ಸಿನಿಂದಲೇ ಅವಳು ಮೈಸೂರು ಬಿಟ್ಟು ಬಂದಿದ್ದಳು. ಒಂದು ವಾರ ಹಳ್ಳಿಗಳಲ್ಲಿ ತಪಾಸಣೆಗೆ ಕೂತ ಮೇಲೆ ಆ ಹೂಂ ಅಲ್ಲಾಡತೊಡಗಿತ್ತು.

"ಇವರ ಮಾತು ನಂಗೆ ಅರ್ಧ ಅರ್ಥ ಆಗುತ್ತೆ ಸರ್," ಎಂದಿದ್ದಳು ಹಿಂದಿನ ದಿನ, ಸುಣ್ಣದ ಬಕೆಟ್ ತೊಳೆಯುತ್ತ. "ಬಸ್ಸು ಎಷ್ಟೊತ್ತಿಗೆ ಅನ್ನೋದು ಅರ್ಧ ಅರ್ಥ ಆದ್ರೆ ಇನ್ನೊಂದು ಬಸ್ಸು ಬರುತ್ತೆ. ನೋವು ಎಲ್ಲಿ ಅನ್ನೋದು ಅರ್ಧ ಅರ್ಥ ಆದ್ರೆ?"

"ಕನ್ನಡ ತಾನೇ?" ಎಂದರು ಮೇಷ್ಟ್ರು.

"ಕನ್ನಡ ಆಗಿರೋದೇ ಕಷ್ಟ ಮೇಷ್ಟ್ರೇ. ಬೇರೆ ಭಾಷೆ ಆಗಿದ್ರೆ ಗೊತ್ತಿಲ್ಲ ಅನ್ನೋದಾದ್ರೂ ಗೊತ್ತಿರ್ತಿತ್ತು. ಇಲ್ಲಿ ಗೊತ್ತಾಯ್ತು ಅಂದ್ಕೊಂಡು ಕೆಡ್ತೀನಿ."

ಮರುದಿನ ಬೆಳಿಗ್ಗೆ ಚೀಟಿ ಎತ್ತಿದಾಗ ಮಾತಾಡುವ ಚೀಟಿ ಅವಳಿಗೇ ಬಂತು. ಅವಳು ಅದನ್ನು ಮೇಷ್ಟ್ರ ಕೈಗೆ ತುರುಕಲು ನೋಡಿದಳು. ವಾರ್ಡನ್ ಕಂಡುಬಿಟ್ಟರು.

"ಚೀಟಿ ಅಂದ್ರ ಚೀಟಿ. ಬದ್ಲಿ ನಡಿಯಂಗಿಲ್ಲ ನಮ್ಮಲ್ಲಿ."

ಬೈಲಹೊಂಗಲದ ಸುಳಿವು ಸುಲಭವಿತ್ತು: ಮಾರ್ಕೆಟ್ಟಿನಿಂದ ಒಂದು ಹಿಡಿ ಹತ್ತಿ. ಹತ್ತಿಯ ರಾಶಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದ ಒಬ್ಬರು, ನರ್ಸ್ ಕೇಳಿದ್ದನ್ನು ಪೂರ್ತಿ ಕೇಳಿಸಿಕೊಳ್ಳುವ ಮೊದಲೇ ಕೈತುಂಬ ಕೊಟ್ಟರು. "ಇಷ್ಟ ತಗೊಂಡು ಏನ್ ಮಾಡ್ತೀರವ್ವಾ, ಬತ್ತಿ ಹೊಸೀತೀರೇನು?" ಮೇಷ್ಟ್ರು ಅದನ್ನು ಅಂಗಿಯ ಜೇಬಿಗೆ ತುಂಬಿಕೊಂಡರು. ಎದೆಯ ಒಂದು ಬದಿ ಉಬ್ಬಿಕೊಂಡೇ ದಿನವಿಡೀ ಓಡಾಡಿದರು.

ಕಿತ್ತೂರಿನ ಬಸ್ಸಿನಲ್ಲಿ ನರ್ಸ್ ಆಧಾರ್ ಕಾರ್ಡ್ ತೋರಿಸಿ ಉಚಿತ ಟಿಕೆಟ್ ಪಡೆದಳು. ಮೇಷ್ಟ್ರೂ ಹಿರಿಯರ ರಿಯಾಯಿತಿಗೆ ತೋರಿಸುವ ಅಭ್ಯಾಸಬಲದಿಂದ ತಮ್ಮ ಕಾರ್ಡ್ ಮುಂದೆ ಹಿಡಿದರು.

"ಯಜಮಾನ್ರ, ಮೀಸಿ ಇದ್ದವ್ರಿಗೆ ಫ್ರೀ ಇಲ್ರಿ," ಎಂದ ಕಂಡಕ್ಟರ್.

ಹಿಂದಿನ ಸೀಟಿನ ಹೆಂಗಸರೆಲ್ಲ ನಕ್ಕರು. ಅಪರಿಚಿತರ ಜೊತೆ ಮಾತಾಡುವಂತಿಲ್ಲವಾದ್ದರಿಂದ ಮೇಷ್ಟ್ರು ಮೀಸೆಯನ್ನೊಮ್ಮೆ ಸವರಿಕೊಂಡು ಹಣ ಕೊಟ್ಟರು.

ಕಿತ್ತೂರಿನ ಕೋಟೆಯೊಳಗಿನ ಪಾಳು ಅರಮನೆಯಲ್ಲಿ ಧ್ರುವ ನಕ್ಷತ್ರವನ್ನು ನೋಡಲೆಂದು ಗೋಡೆಯಲ್ಲಿ ಒಂದು ದುಂಡನೆಯ ಕಿಂಡಿ ಬಿಟ್ಟಿದ್ದಾರೆ. ನಾವು ಅದನ್ನು ಹುಡುಕಬೇಕಿತ್ತು. ಕೋಟೆಯ ಹೊರಗೆ ಪೇರಲ ಹಣ್ಣು ಮಾರುತ್ತಿದ್ದವಳನ್ನು ನರ್ಸ್ ಕೇಳಿದಳು.

"ಅರಮನಿ ಒಳಗ ಹೋಗ್ರಿ. ಮುಂದ ಹೋಗಿ, ಹೊಳ್ಳಿ ನೋಡ್ರಿ, ಕಾಣತೈತಿ."

"ಹಳ್ಳಿ ನೋಡ್ಬೇಕಂತೆ," ಎಂದು ಮೇಷ್ಟ್ರು ನನ್ನ ಕಿವಿಯಲ್ಲಿ ಉಸುರಿದರು. "ಎತ್ತರಕ್ಕೆ ಹತ್ತಿದ್ರೆ ಹಳ್ಳಿ ಕಾಣುತ್ತೆ. ಅಲ್ಲೇ ಇರುತ್ತೆ ಕಿಂಡಿ."

ಕೋಟೆಯ ಗೋಡೆ ಹತ್ತಿದೆವು. ಹಳ್ಳಿ ಕಾಣಿಸಿತು, ಕಬ್ಬಿನ ಗದ್ದೆಗಳು ಕಾಣಿಸಿದವು, ಕಬ್ಬು ಹೇರಿಕೊಂಡು ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಯ ಕಡೆಗೆ ಹೊರಟ ಟ್ರ್ಯಾಕ್ಟರುಗಳೂ ಕಾಣಿಸಿದವು. ಕಿಂಡಿ ಮಾತ್ರ ಇಲ್ಲ. ಕೆಳಗೆ ನೋಡಿದರೆ ನಮ್ಮ ಎದುರಾಳಿ ತಂಡದವರು, ನಾವು ಆಗಲೇ ದಾಟಿ ಬಂದಿದ್ದ ಗೋಡೆಗೆ ಒಬ್ಬೊಬ್ಬರಾಗಿ ಕಣ್ಣಿಟ್ಟು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಹೊಳ್ಳಿ ಎಂದರೆ ಹಿಂತಿರುಗಿ. ಮುಂದೆ ಹೋಗಿ ಹಿಂತಿರುಗಿ ನೋಡಿ ಎಂದಷ್ಟೇ ಆ ಹೆಂಗಸು ಹೇಳಿದ್ದು.

ನಾವೂ ಇಳಿದು ಬಂದು ಕಿಂಡಿಗೆ ಕಣ್ಣಿಟ್ಟೆವು. ಹಗಲಿನ ಬಿಳಿ ಆಕಾಶದ ಒಂದು ಬಿಲ್ಲೆ ಕಂಡಿತು. ಮೇಷ್ಟ್ರು ತಮ್ಮ ತಪ್ಪಿಗೆ ತಾವೇ ನಗುತ್ತಿದ್ದರು. ನರ್ಸ್ ನಗಲಿಲ್ಲ.

"ನೋಡಿದ್ರಾ?" ಎಂದಳು ನನಗೆ. ಅಷ್ಟೇ.

ಎದುರಾಳಿ ತಂಡ ಧಾರವಾಡದ ಮೇಲೆ ಹೋದರೆ ಬೇಗ ಎಂದು ಆ ಬಸ್ ಹತ್ತಿತು. ನಾವು ಬೈಲಹೊಂಗಲಕ್ಕೇ ಮರಳಿ ಅಲ್ಲಿಂದ ಸವದತ್ತಿ ಬಸ್ ಹಿಡಿದೆವು. ದಾರಿಯ ಎರಡೂ ಕಡೆ ಬಿಳಿಜೋಳ ತೆನೆ ಹೊತ್ತು ನಿಂತಿತ್ತು. ಮೇಷ್ಟ್ರು ನಿದ್ದೆ ಹೋದರು. ನರ್ಸ್ ಕಿಟಕಿಯಾಚೆ ನೋಡುತ್ತ, ಫಾದರ್‌ಗೆ ಬೇಜಾರಾಗದ ಹಾಗೆ ಬೇಡ ಎಂದು ಹೇಗೆ ಹೇಳುವುದು ಎಂದು ಕೇಳಿದಳು. ಇದ್ದದ್ದನ್ನು ಇದ್ದ ಹಾಗೆ ಹೇಳು ಎಂದೆ. ನನಗೆ ತಿಳಿದ ವಿಧಾನ ಅದೊಂದೇ.

ಸವದತ್ತಿಯಲ್ಲಿ ಇಳಿದು ಸುಳಿವಿನ ಚೀಟಿ ಬಿಡಿಸಿದೆವು. "ಬಸ್ ಸ್ಟ್ಯಾಂಡಿನ ಎದುರಿಗೆ ಪುಟಾಣಿ ಸಿಗುತ್ತದೆ. ಮುಷ್ಟಿಯಲ್ಲಿ ಹಿಡಿದು ಫೋಟೊ ತೆಗೆಸಿಕೊಳ್ಳಿರಿ."

ಪುಟಾಣಿ ಎಂದರೆ ಮೈಸೂರಿನವರಾದ ನಮಗೆ ಪುಟ್ಟ ಮಗು. ಮೂವರಲ್ಲಿ ಒಬ್ಬರಿಗೂ ಬೇರೆ ಯೋಚನೆ ಬರಲಿಲ್ಲ.

"ಮಗೂನ ಕೈ ನಮ್ಮ ಮುಷ್ಟೀಲಿ ಇರ್ಬೇಕು," ಎಂದರು ಮೇಷ್ಟ್ರು. "ಒಳ್ಳೇ ಸುಳಿವು. ವಾರ್ಡನ್‌ಗೆ ಮಕ್ಕಳು ಅಂದ್ರೆ ಎಷ್ಟು ಪ್ರೀತಿ ನೋಡಿ."

ರಸ್ತೆಯಾಚೆ ಬೇವಿನ ಮರದ ಕೆಳಗೆ ಗಂಟುಮೂಟೆ ಇಟ್ಟುಕೊಂಡು ಒಬ್ಬ ತಾಯಿ, ಅವಳ ಅತ್ತೆ ಕೂತಿದ್ದರು. ದೇವಿಯ ಗುಡ್ಡಕ್ಕೆ ಹೋಗಿ ಬಂದವರು. ಇಬ್ಬರ ಹಣೆಯಲ್ಲೂ ಭಂಡಾರದ ಅರಿಸಿನ. ತಾಯಿಯ ತೊಡೆಯ ಮೇಲೆ ನಾಲ್ಕು ವರ್ಷದ ಹೆಣ್ಣುಮಗು ಮಲಗಿತ್ತು. ನರ್ಸ್ ಹೋಗಿ ಬಾಗಿ ಕೇಳಿದಳು.

"ಅಮ್ಮಾ, ನಿಮ್ಮ ಪುಟಾಣಿ ಜೊತೆ ಒಂದು ಫೋಟೊ ತೆಗೀಬಹುದಾ?"

ತಾಯಿ ಪಕ್ಕದ ಗಂಟನ್ನು ಮುಟ್ಟಿ ನೋಡಿದಳು. "ಪುಟಾಣಿ ನಮ್ಮ ಕಡೆ ಇಲ್ರಿ. ಚುರಮರಿ ಅದಾವು. ಬೇಕೇನು?"

"ಅಲ್ಲಮ್ಮ, ಈ ಪುಟಾಣಿ," ಎಂದು ನರ್ಸ್ ಮಗುವನ್ನು ತೋರಿಸಿದಳು.

"ಏ ತಂಗಿ," ಎಂದಳು ಅಜ್ಜಿ, "ಅದು ಪುಟಾಣಿ ಅಲ್ಲ. ನನ್ನ ಮೊಮ್ಮಗಳು."

ಹಿಂದಿನ ಅಂಗಡಿಯಿಂದ ಒಬ್ಬ ಕೂಗಿದ. "ಪುಟಾಣಿ ಇಲ್ಲಿ ಅದಾವ್ರಿ ಅಕ್ಕಾರ! ಬಿಸಿ ಬಿಸಿ ಹುರಿಯಾಕ ಹತ್ತೇನಿ, ಬರ್ರಿ!"

ತಿರುಗಿ ನೋಡಿದರೆ ದೊಡ್ಡ ಬಾಣಲೆಯ ತುಂಬ ಹುರಿಗಡಲೆ. ಈ ಕಡೆ ಅದಕ್ಕೇ ಪುಟಾಣಿ ಎನ್ನುತ್ತಾರೆ. ಮೇಷ್ಟ್ರಿಗೆ ಅರ್ಥವಾದದ್ದೇ ತಡ, ನುಗ್ಗಿದರು. ಮಾತಾಡುವಂತಿಲ್ಲವಲ್ಲ, ಆರಲು ಹರವಿದ್ದ ರಾಶಿಗೆ ಕೈ ಹಾಕಿ ಒಂದು ಮುಷ್ಟಿ ಎತ್ತಿ ನನ್ನ ಕ್ಯಾಮರಾದ ಮುಂದೆ ಹಿಡಿದು ನಿಂತರು.

"ಏನ್ರಿ ಯಜಮಾನ್ರ," ಎಂದ ಅಂಗಡಿಯವ, "ಮಾತು ಬರಂಗಿಲ್ಲೇನ್ರಿ ನಿಮಗ?"

ಮೇಷ್ಟ್ರು ಬರುವುದಿಲ್ಲ ಎಂದು ತಲೆಯಾಡಿಸಿದರು. ಅವನು ಮರುಕಪಟ್ಟು ಇನ್ನೊಂದು ಮುಷ್ಟಿ ಹಾಕಿಕೊಟ್ಟ. ಅಷ್ಟರಲ್ಲಿ ಎದುರಿಗೆ ರಾಮದುರ್ಗದ ಬಸ್ ಬಂದು ನಿಂತಿತು. ಮೇಷ್ಟ್ರು ಸೀಟಿ ಊದಿದರು. ಧಾರವಾಡದ ಮೇಲೆ ಹೋದವರು ಇನ್ನೂ ಬಂದಿರಲಿಲ್ಲ. ಓಡಿದ್ದರೆ ನಾವೇ ಮುಂದೆ.

ನರ್ಸ್ ಮರದ ಕೆಳಗಿನಿಂದ ಕದಲಲಿಲ್ಲ. ಇಷ್ಟು ಗದ್ದಲದಲ್ಲೂ ಮಗು ಕಣ್ಣು ಬಿಟ್ಟಿರಲಿಲ್ಲ. ತುಟಿ ಒಣಗಿತ್ತು. ಅವಳು ಮಂಡಿಯೂರಿ ಕೂತು ಕೇಳಿದಳು.

"ಮಗು ಹುಷಾರಿಲ್ವಾ?"

ತಾಯಿಯ ಮುಖ ಬಿಗಿಯಿತು. "ಏನಂದ್ರಿ? ನನ್ನ ಮಗಳು ಹುಷಾರಿಲ್ಲ? ಅಂಗನವಾಡ್ಯಾಗ ಎಲ್ಲಾರಿಗಿಂತ ಮುಂದ ಅದಾಳ. ಎಣಸಾಕ ಕುಂತಳಂದ್ರ ಬಾಯಿ ಮುಚ್ಚಂಗಿಲ್ಲ. ಬೇಕಂದ್ರ ಟೀಚರ್ ಕಡೆ ಹೋಗಿ ಕೇಳ್ರಿ!"

ನರ್ಸ್ ದಿಕ್ಕುತಪ್ಪಿದವಳಂತೆ ನನ್ನನ್ನು ನೋಡಿದಳು. ನನಗೂ ಹೊಳೆಯಲಿಲ್ಲ. ಸುತ್ತ ಕೂತ ಹೆಂಗಸರು ತಿರುಗಿ ನೋಡತೊಡಗಿದರು. ಅಜ್ಜಿಯೇ ಸೊಸೆಯ ಮೊಣಕೈ ತಿವಿದಳು.

"ನಿಂದರ. ಅವ್ರ ಕಡೆ ಮಾತು ಬ್ಯಾರೆ. ಹುಷಾರಿಲ್ಲ ಅಂದ್ರ ಮೈಯಾಗ ಆರಾಮಿಲ್ಲ ಅಂತ. ಶಾಣೇತನದ ಮಾತಲ್ಲ ಅದು. ಟೀವ್ಯಾಗ ಹಂಗ ಮಾತಾಡ್ತಾರ, ಕೇಳಿಲ್ಲೇನು?"

ಹುಷಾರು ಎಂದರೆ ಈ ಕಡೆ ಜಾಣತನ. ತಾಯಿ ಮೆತ್ತಗಾದಳು. "ಹಂಗಂದ್ರ ಹೌದ್ರಿ. ಆರಾಮ ಇಲ್ಲ. ನಿನ್ನಿಯಿಂದ ವಾಂತಿ. ಮತ್ತ ಸಂಡಾಸ ಹತ್ಯಾವು."

"ಸಂಡಾಸು ಹತ್ತಿದ್ಲಾ?" ಎಂದಳು ನರ್ಸ್ ಗಾಬರಿಯಿಂದ. "ಎಲ್ಲಿಂದಾದ್ರೂ ಬಿದ್ಲಾ?"

ಈ ಸಲ ಇಡೀ ಮರದ ನೆರಳೇ ನಕ್ಕಿತು. ಹತ್ತುವುದೆಂದರೆ ಇಲ್ಲಿ ಶುರುವಾಗುವುದು. ಮಗುವಿಗೆ ಭೇದಿ ಶುರುವಾಗಿದೆ ಎಂದು ತಾಯಿ ಹೇಳಿದ್ದಳು. ಮಗು ಪಾಯಖಾನೆಯ ಮೇಲೆ ಹತ್ತಿ ಬಿದ್ದಿದೆಯೆಂದು ನರ್ಸ್ ತಿಳಿದಿದ್ದಳು. ಅವಳ ಕಣ್ಣಲ್ಲಿ ನೀರು ಬಂತು. ಎದ್ದು ಹೋಗುವಂತೆ ಒಂದು ಕಾಲು ಹಿಂದಿಟ್ಟಳು. ಅಜ್ಜಿ ಅವಳ ಮುಂಗೈ ಹಿಡಿದು ಕೂರಿಸಿದಳು.

"ಕುಂಡ್ರ ತಂಗಿ. ನಗೋ ಮಂದಿ ನಗವಲ್ರ್ಯಾಕ. ನೀ ಕೇಳು. ನೀ ಕೇಳಿದ್ದು ನನಗ ಹೆಂಗ ತಿಳೀತು ಅಂತ ನಾ ಹೇಳ್ತೇನಿ. ಹೌದಂದ್ರ ಹೌದನ್ನು, ಅಲ್ಲಂದ್ರ ಅಲ್ಲ ಅನ್ನು. ನಾ ಹೇಳಿದ್ದು ನಿನಗ ಹೆಂಗ ತಿಳೀತು ಅಂತ ನೀನೂ ಹೇಳು."

ಹಾಗೆಯೇ ನಡೆಯಿತು. ಎಷ್ಟು ಸಲ, ಯಾವಾಗಿನಿಂದ, ಮೂತ್ರ ಹೋಗಿದೆಯೇ, ಏನು ಕೊಟ್ಟಿರಿ. ಒಂದೊಂದು ಪ್ರಶ್ನೆಯೂ ಅಜ್ಜಿಯ ಮಾತಿನಲ್ಲಿ ಒಮ್ಮೆ ಹೊರಳಿ, ಒಂದೊಂದು ಉತ್ತರವೂ ನರ್ಸ್‌ನ ಮಾತಿನಲ್ಲಿ ಒಮ್ಮೆ ಹೊರಳಿ, ಹೌದು ಅನ್ನಿಸಿಕೊಂಡ ಮೇಲೆಯೇ ಮುಂದಕ್ಕೆ. ಫೋನಿನಲ್ಲಿ ಸುದ್ದಿ ಬರೆದುಕೊಳ್ಳುವಾಗ ನಾವೂ ಹೀಗೆ ವಾಪಸ್ ಓದಿ ಹೇಳುತ್ತೇವೆ. ಅದಕ್ಕಿಂತ ಇದು ಹೆಚ್ಚು ಕಟ್ಟುನಿಟ್ಟಾಗಿತ್ತು. ಅಜ್ಜಿ ಅಂದಾಜಿಗೆ ಒಪ್ಪುತ್ತಿರಲಿಲ್ಲ.

ಬೆಳಿಗ್ಗೆಯೇ ಡಾಕ್ಟರಿಗೆ ತೋರಿಸಿದ್ದರು. ಉಪ್ಪು ಸಕ್ಕರೆಯ ಪುಡಿಯ ಪೊಟ್ಟಣವೂ ಕೈಯಲ್ಲಿತ್ತು. ಕಲಸಿ ಒಂದೇ ಗುಟುಕಿಗೆ ಲೋಟ ಖಾಲಿ ಮಾಡಿಸಿದ್ದರಿಂದ ಮಗು ಅಷ್ಟನ್ನೂ ಕಕ್ಕಿತ್ತು. ಹಾಗಾಗಿ ಇದು ಒಗ್ಗದ ಔಷಧ ಎಂದು ತಾಯಿ ಪೊಟ್ಟಣ ಮಡಿಸಿ ಇಟ್ಟುಬಿಟ್ಟಿದ್ದಳು. ನರ್ಸ್ ಮಗುವಿನ ಚರ್ಮ ಚಿವುಟಿ ನೋಡಿದಳು, ಉಗುರು ಒತ್ತಿ ನೋಡಿದಳು, ಕಣ್ಣಿನ ರೆಪ್ಪೆ ಎತ್ತಿ ನೋಡಿದಳು. ಮುಖದ ಬಿಗಿತ ಸ್ವಲ್ಪ ಸಡಿಲಿತು. ಬಾಟಲಿಯ ನೀರಿಗೆ ತನ್ನ ಚೀಲದಲ್ಲಿದ್ದ ಹೊಸ ಪೊಟ್ಟಣ ಕಲಸಿ, ಚಮಚೆ ಕೇಳಿದಳು. ಪುಟಾಣಿ ಅಂಗಡಿಯವನು ಕೊಟ್ಟ.

ಅಷ್ಟು ಹೊತ್ತಿಗೆ ರಾಮದುರ್ಗದ ಬಸ್ ಹೋಗಿಯಾಗಿತ್ತು. ಎದುರಾಳಿ ತಂಡ ಬಂದು, ಪುಟಾಣಿಯ ಫೋಟೊ ತೆಗೆಸಿಕೊಂಡು, ಮುಂದಿನ ಬಸ್ ಹತ್ತಿ ನಮಗೆ ಕೈಬೀಸಿತು. ಮೇಷ್ಟ್ರು ಸೀಟಿಯನ್ನು ಬಾಯಿಯವರೆಗೆ ಒಯ್ದು, ಊದದೆ, ಅಂಗಿಯೊಳಗೆ ಇಳಿಬಿಟ್ಟರು.

ತಾಯಿಯ ಊರು ರಾಮದುರ್ಗದ ಆಚೆ. ಮಗು ಚಮಚೆಯ ನೀರು ಕಕ್ಕದೆ ಉಳಿಸಿಕೊಳ್ಳತೊಡಗಿದ ಮೇಲೆ ಎಲ್ಲರೂ ಒಂದೇ ಬಸ್ ಹತ್ತಿದೆವು. ಮೇಷ್ಟ್ರು ಅಜ್ಜಿಯ ಗಂಟನ್ನು ತಲೆಯ ಮೇಲೆ ಹೊತ್ತು ನುಗ್ಗಿ ಸೀಟು ಹಿಡಿದರು. ಮಗು ನರ್ಸ್‌ನ ತೊಡೆಯ ಮೇಲೆ. ಬಸ್ಸಿನ ಕುಲುಕಾಟದ ನಡುವೆ ಸ್ವಲ್ಪ ಸ್ವಲ್ಪ ಹೊತ್ತಿಗೆ ಒಂದು ಚಮಚೆ.

ಅಜ್ಜಿ ಅವಳನ್ನು ವಿಚಾರಿಸಿಕೊಳ್ಳತೊಡಗಿದಳು. "ಲಗ್ನ ಆಗೇತೇನ ತಂಗಿ?"

"ಇಲ್ಲ ಅಜ್ಜಿ."

"ಯಾಕ, ಮೈಸೂರಾಗ ಗಂಡಸರು ಇಲ್ಲೇನು?"

"ಇದ್ದಾರೆ ಅಜ್ಜಿ. ಇಲ್ಲೇ ಇಬ್ಬರು ಕೂತಿದ್ದಾರಲ್ಲ."

ಅಜ್ಜಿ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದಳು. "ಒಬ್ಬಾಂವಂತೂ ಮೂಕ. ಪಾಪ, ಗಂಟು ಹೊರತಾನ."

ಮೇಷ್ಟ್ರಿಗೆ ತಡೆಯಲಾಗಲಿಲ್ಲ. "ಮೂಕ ಅಲ್ಲಮ್ಮ ನಾನು!" ಎಂದುಬಿಟ್ಟರು. ನಿಯಮ ಅಲ್ಲಿಗೆ ಮುರಿಯಿತು. ಅಜ್ಜಿ ಬೆಚ್ಚಿ, ಆಮೇಲೆ ಸೆರಗು ಬಾಯಿಗೆ ಹಿಡಿದು ನಗತೊಡಗಿದಳು. ಆ ಸದ್ದಿಗೆ ಮಗು ಪೂರ್ತಿ ಕಣ್ಣು ಬಿಟ್ಟಿತು. ತುಸು ಹೊತ್ತಿಗೆ, ಚಮಚೆ ಬಾಯಿಗೆ ಬಂದಾಗೊಮ್ಮೆ, ಸಣ್ಣ ದನಿಯಲ್ಲಿ ಎಣಿಸತೊಡಗಿತು. "ಒಂದ... ಎರಡ..." ತಾಯಿ ನರ್ಸ್‌ನ ಕಡೆ ನೋಡಿದಳು. ಹೇಳಿರಲಿಲ್ಲವೇ ಎಂಬಂತೆ.

ರಾಮದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಅವರು ತಮ್ಮ ಊರಿನ ಬಸ್ಸಿಗೆ ಬದಲಾಗಬೇಕಿತ್ತು. ಮಗು ಮಂಕಾದರೆ, ಮೂತ್ರ ನಿಂತರೆ, ಕುಡಿದ ನೀರು ಹೊಟ್ಟೆಯಲ್ಲಿ ನಿಲ್ಲದಿದ್ದರೆ ತಡಮಾಡದೆ ಸರ್ಕಾರಿ ಆಸ್ಪತ್ರೆಗೆ ಎಂದು ನರ್ಸ್ ಹೇಳಿದಳು. ಹೇಳಿ, ತಾಯಿಯ ಬಾಯಲ್ಲೇ ಇನ್ನೊಮ್ಮೆ ಹೇಳಿಸಿದಳು. ತಾಯಿ ತನ್ನ ಮಾತಿನಲ್ಲಿ ಹೇಳಿದ್ದನ್ನು ನರ್ಸ್ ತಲೆಯಾಡಿಸುತ್ತ ಕೇಳಿದಳು. ಒಂದು ಕಡೆ ತಡೆದು ತಿದ್ದಿದಳು. ಆಮೇಲೆ ತಾಯಿ ಕೇಳಿದಳು.

"ನೀವು ಯಾವ ದವಾಖಾನಿಯವ್ರ್ರಿ ನರ್ಸಬಾಯಾರ? ಮತ್ತ ತ್ರಾಸ ಆದ್ರ ನಿಮ್ಮ ಕಡೇನ ಬರ್ತೇನಿ."

"ನಾನು ಇಲ್ಲಿಯೋಳಲ್ಲಮ್ಮ. ಮೈಸೂರು."

"ಆತಲ್ಲ ಮತ್ತ," ಎಂದಳು ತಾಯಿ. ಅವಳ ದನಿಯಲ್ಲಿ ದೂರೇನೂ ಇರಲಿಲ್ಲ; ಬಸ್ಸು ಇವತ್ತು ಇಲ್ಲವಂತೆ ಎಂದು ತಿಳಿದವರು ಮಾತಾಡುವ ಹಾಗಿತ್ತು. ಮಗುವನ್ನು ಹೆಗಲಿಗೆ ಹಾಕಿಕೊಂಡು ಹೋದಳು. ನರ್ಸ್ ಆ ಬಸ್ಸು ತಿರುಗಿ ಹೊರಬೀಳುವವರೆಗೂ ನಿಂತೇ ಇದ್ದಳು.

ರಾಮದುರ್ಗದ ಸುಳಿವು ಮಲಪ್ರಭೆಯ ನೀರಿನಲ್ಲಿ ಕಾಲಿಟ್ಟು ಫೋಟೊ ತೆಗೆಸಿಕೊಳ್ಳುವುದಾಗಿತ್ತು. ಬೇಡ ಎಂದರು ಮೇಷ್ಟ್ರು, ತಾವಾಗಿಯೇ.

ನಾವು ಚರ್ಚ್ ಆವರಣ ತಲುಪಿದಾಗ ಉಳಿದವರೆಲ್ಲ ಊಟಕ್ಕೆ ಕೈತೊಳೆದು ಕೂತಿದ್ದರು. ಕರದಂಟಿನ ಡಬ್ಬಿಯ ತಳ ಕಾಣುತ್ತಿತ್ತು. ಪುಟಾಣಿಯ ಕಥೆ ನಮಗಿಂತ ಮೊದಲೇ ಬಂದು ಮುಟ್ಟಿತ್ತು. ವಾರ್ಡನ್ ನಗು ತಡೆದುಕೊಂಡು, "ನನ್ನ ಹಡದವ್ವಾ, ಕೂಸಿನ ಹಿಡಕೊಂಡು ಬರ್ರಿ ಅಂತ ಯಾರರ ಬರೀತಾರೇನ್ರಿ ಮೇಷ್ಟ್ರ?" ಎಂದರು. ಮೇಷ್ಟ್ರು ಜೇಬಿನ ಹತ್ತಿ, ಕರ್ಚೀಫಿನ ಪುಟಾಣಿ ಎರಡನ್ನೂ ಮೇಜಿನ ಮೇಲೆ ಸುರಿದು, ನಿಮ್ಮ ಸುಳಿವೇ ತಪ್ಪು ಎಂದು ವಾದಕ್ಕೆ ನಿಂತರು.

ಫಾದರ್ ಈ ಭಾಗದವರೇ. ದೊಡ್ಡ ಪಾತ್ರೆಯ ಮುಂದೆ ಸೌಟು ಹಿಡಿದು ತಾವೇ ಬಡಿಸುತ್ತಿದ್ದರು. ನರ್ಸ್ ತಟ್ಟೆ ತೆಗೆದುಕೊಳ್ಳದೆ ನೇರ ಅವರ ಮುಂದೆ ಹೋಗಿ ನಿಂತಳು. ನಾನು ಎರಡು ಹೆಜ್ಜೆ ಹಿಂದೆ ಇದ್ದೆ.

"ಫಾದರ್, ನಾನು ಬರ್ತೀನಿ."

ಫಾದರ್ ಮುಖ ಸಣ್ಣದಾಯಿತು. ಸೌಟನ್ನು ಪಾತ್ರೆಯ ಅಂಚಿಗೆ ಒರಗಿಸಿದರು. "ಆತವ್ವಾ. ಆರಾಮ ಹೋಗಿ ಬಾ. ಇದರಾಗ ಜುಲುಮಿ ಏನೂ ಇಲ್ಲ. ನಿಮ್ಮ ಊರು, ನಿಮ್ಮ ಮಂದಿ. ನನಗ ತಿಳೀತೈತಿ."

ಅವಳು ಒಂದು ಕ್ಷಣ ಅವರನ್ನೇ ನೋಡಿದಳು. ಹೊರಡುವವರೂ ಬರ್ತೀನಿ ಎಂದೇ ಹೇಳುವುದು, ಮೈಸೂರಿನಲ್ಲೂ ರಾಮದುರ್ಗದಲ್ಲೂ.

"ಅಯ್ಯೋ, ಹೋಗ್ತೀನಿ ಅಂತಲ್ಲ ಫಾದರ್. ದವಾಖಾನೆಗೆ ಬರ್ತೀನಿ ಅಂತ. ಇಲ್ಲಿಗೆ. ಇರೋದಕ್ಕೆ."

ಫಾದರ್ ಸೌಟು ಕೈಗೆತ್ತಿಕೊಂಡರು, ಮತ್ತೆ ಇಟ್ಟರು.

"ಆದ್ರೆ ಒಂದು ಮಾತು," ಎಂದಳು ಅವಳು. "ಶುರುವಿನಲ್ಲಿ ನನ್ನ ಪಕ್ಕ ಈ ಊರಿನ ಒಬ್ಬ ಅಜ್ಜಿ ಕೂತಿರ್ಬೇಕು. ನಾನು ಕೇಳಿದ್ದು ಅವರು ಹೇಳ್ಬೇಕು, ಅವರು ಹೇಳಿದ್ದು ನಾನು ಹೇಳ್ಬೇಕು. ಅಜ್ಜಿ ಸಿಕ್ಕಿದ್ರೆ ಮಾತ್ರ ಬರೋದು."

"ಅಜ್ಜಿಯಾರಿಗೇನು ಬರಗಾಲ?" ಎಂದರು ಫಾದರ್. "ನೀ ಬಾಗಲಾ ತಗಿ ಸಾಕು. ಕಟ್ಟಿ ಮ್ಯಾಲ ಸಾಲಾಗಿ ಬಂದು ಕುಂತಿರ್ತಾರ. ಅವ್ರನ್ನ ಮನಿಗೆ ಕಳಸೋದ ನಿನಗ ತ್ರಾಸ ಆಕ್ಕೈತಿ."

ಆಮೇಲೆ ಒಂದು ತಟ್ಟೆ ತೆಗೆದು ಅವಳ ಕೈಗೆ ಕೊಟ್ಟು, ಬಡಿಸತೊಡಗಿದರು. ಅವಳು ಸಾಕು ಎಂದಳು. ಅವರು ಬಡಿಸುತ್ತಲೇ ಇದ್ದರು.